ಮರದ ಇಗರ್ಜಿಯ ಹೊಣೆ

ಆ ಶನಿವಾರ ಮಧ್ಯಾಹ್ನ ವಂದನೀಯ ಗಾಸ್ಪರ್ ಗುರುಗಳು ಇಗರ್ಜಿಯ ಹಿಂದಿನ ಜಗಲಿಯಲ್ಲಿ ಕುಳಿತು, ಹರಿದ ನಿಲುವಂಗಿಗೆ ತಾವೇ ಹೊಲಿಗೆ ಹಾಕಿಕೊಳ್ಳುತ್ತಿದ್ದರು. ನೇರಳೆಪದವಿನ ಆ ಇಗರ್ಜಿಯಂಥದು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹಿರಿಯರು ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಸಿ ತಂದು, ಒಂದು ಮೊಳೆಯನ್ನೂ ಹೊಡೆಯದೆ ಬರೀ ಮರದ ಬೆಣೆಗಳಿಂದ ಕಟ್ಟಿದ್ದು. ಮನೆಗೊಂದು ಕಂಬ. ಪ್ರತಿವರ್ಷ ಈಸ್ಟರಿನ ಮುಂಚಿನ ತಪಸ್ಸುಕಾಲಕ್ಕೆ ಮೊದಲು ಆಯಾ ಮನೆಯವರೇ ಬಂದು, ಮರ ಕೆಡದಂತೆ ತಮ್ಮ ಕಂಬಕ್ಕೆ ಗೇರೆಣ್ಣೆ ಹಚ್ಚುವುದು ರೂಢಿ. ನೂರೈವತ್ತನೇ ವರ್ಷದ ಹಬ್ಬಕ್ಕೆ ಚಂದ ಕಾಣಲೆಂದು ಎಣ್ಣೆ ಬಿಟ್ಟು ಪೈಂಟ್ ಬಳಿದರು. ಭಕ್ತಿಯಿಂದಲೇ ಮಾಡಿದ ತಪ್ಪು, ಯಾರನ್ನು ಬಯ್ಯೋಣ! ಪೈಂಟಿನೊಳಗೆ ನೀರು ನಿಂತು ಕಂಬಗಳು ಕೊಳೆಯತೊಡಗಿದವು.

ಬಡಗಿ ಲಾದ್ರು ಮೇಸ್ತ್ರಿ ಬಂದಾಗ ಅವನ ಮುಖದಲ್ಲಿ ನೆತ್ತರೇ ಇರಲಿಲ್ಲ. ಇಗರ್ಜಿಯನ್ನು ಉಳಿಸಬೇಕೋ ಕೆಡವಬೇಕೋ ಎಂದು ಮರುದಿನ ಪೂಜೆಗೆ ಮೊದಲು ಅವನೇ ಹೇಳಬೇಕಿತ್ತು. ಹಿಂದೊಮ್ಮೆ ಅವನು ಗಟ್ಟಿಯಿದೆ ಎಂದ ಮನೆಯೊಂದರ ಮಾಡು ಕುಸಿದು ಅವನ ಭಾವನ ಸೊಂಟ ಮುರಿದಿತ್ತು. ಅಂದಿನಿಂದ, ಪಾಪ, ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದ.

“ಕೆಡವಿಬಿಡೋಣ ಫಾದರ್. ಬಲಿಪೀಠದ ಪಕ್ಕದ ಕಂಬ ತಟ್ಟಿ ನೋಡಿದೆ, ಟೊಳ್ಳು. ಜನ ಕೂತಿರುವಾಗ ಬಿದ್ದರೆ?”

“ಎಲ್ಲಿ ತಟ್ಟಿದೆ?” ಗುರುಗಳು ಕೇಳಿದರು.

“ಬುಡದಲ್ಲಿ.”

“ಮೇಲೆ?”

“ಮೇಲೆ ನೋಡಿಲ್ಲ,” ಎಂದ ಲಾದ್ರು. ಏಣಿ ಹತ್ತಲು ಅವನಿಗೆ ಧೈರ್ಯವೇ ಬಂದಿರಲಿಲ್ಲ.

ಗುರುಗಳು ಎದ್ದು ಒಳಗೆ ಹೋದರು. ಅದೇ ಕಂಬ ಹೊತ್ತಿದ್ದ ತೊಲೆಯ ನೇರ ಕೆಳಗೆ ಮೊಣಕಾಲೂರಿದರು.

“ಹೆದರಿ ಹೇಳಬೇಡ. ನೋಡಿ ಹೇಳು.”

“ಅಲ್ಲಿಂದ ಏಳಿ ಫಾದರ್, ನಿಮ್ಮ ದಮ್ಮಯ್ಯ,” ಎಂದು ಲಾದ್ರು ಅಂಗಲಾಚಿದ. ಗುರುಗಳು ಆಗಲೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ್ದರು.

ಬೇರೆ ದಾರಿಯಿರಲಿಲ್ಲ. ಲಾದ್ರು ಏಣಿ ಹತ್ತಿದ. ಒಂದೊಂದು ಮೆಟ್ಟಿಲಿಗೂ ಕೆಳಗಿನ ಆ ಬೋಳುತಲೆ ಕಂಡು ಅವನ ಎದೆ ಧಸಕ್ಕೆನ್ನುತ್ತಿತ್ತು. ಪೈಂಟ್ ಕೆರೆದು ಉಳಿಯಿಟ್ಟು ಹೊಡೆದ. ಉಳಿ ಇಳಿಯಲಿಲ್ಲ. ಒಳಗೆ ಅರಿಶಿನ ಬಣ್ಣದ ಹಲಸಿನ ಮರ ಕಲ್ಲಿನ ಹಾಗಿತ್ತು. ಇಳಿದು ಬುಡ ಕೆರೆದಾಗ ಮೊಣಕಾಲೆತ್ತರದವರೆಗೆ ಮಾತ್ರ ಮರ ನೆನೆದ ಬೆಲ್ಲದಂತೆ ಮೆತ್ತಗೆ ಕಳಚಿ ಬಂತು. ಹೊತ್ತು ಮುಳುಗುವವರೆಗೆ ಹದಿನಾರು ಕಂಬಗಳನ್ನೂ ನೋಡಿದ. ಬುಡ ಕೊಳೆತ ಮೂರಕ್ಕೆ, ತೊಲೆ ಕುಸಿಯದಂತೆ ಬಲವಾದ ಊರೆ ಕೊಟ್ಟ. ಅಷ್ಟು ಹೊತ್ತೂ ಗುರುಗಳು ಅಲುಗಲಿಲ್ಲ.

ಭಾನುವಾರ ಊರೆಲ್ಲ ಅಂಗಳದಲ್ಲೇ ನಿಂತಿತ್ತು, ಒಳಗೆ ಕಾಲಿಡಲು ಒಬ್ಬರಿಗೂ ಮನಸ್ಸಿಲ್ಲ.

“ಮೂರು ಕಂಬದ ಬುಡ ಹೋಗಿದೆ. ಅಷ್ಟನ್ನು ಕತ್ತರಿಸಿ ಹೊಸ ಮರ ಕೂಡಿಸುತ್ತೇನೆ. ನೀವು ಪೈಂಟ್ ಕೆರೆದು ಎಣ್ಣೆ ಹಚ್ಚಿ. ಇಗರ್ಜಿ ಕೆಡವಬೇಕಾಗಿಲ್ಲ,” ಎಂದ ಲಾದ್ರು.

“ಬಿದ್ದರೆ ಯಾರು ಹೊಣೆ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನಾನು.”

ಅವನು ಮಗಳನ್ನು ಎತ್ತಿಕೊಂಡು, ಹೆಂಡತಿಯನ್ನು ಕರೆದುಕೊಂಡು, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಆ ತೊಲೆಯ ಕೆಳಗೇ ಕುಳಿತ.