ಒಂಟೆಯ ಕಾವಲಿನಲ್ಲಿ ಎಪ್ಪತ್ತೆರಡು ಅನುವಾದ

ಪೋರ್ಚುಗೀಸರ ಹಡಗುಗಳು ನಮ್ಮ ಕರಾವಳಿಗೆ ಬರತೊಡಗಿ ನೂರು ವರ್ಷ ಕಳೆದಿತ್ತು. ಆ ವರ್ಷದ ಮಾಘ ಮಾಸದಲ್ಲಿ, ಕಡಲಮೂಲೆಯ ಅರಸ ಮಲ್ಲರಸ ನಾಯಕನ ಸಭೆಯಲ್ಲಿ ಇದು ನಡೆಯಿತು.

ಮಲ್ಲರಸನ ದಳವಾಯಿ ಒಂದು ಒಂಟೆ. ಅರಬ್ ವ್ಯಾಪಾರಿಯೊಬ್ಬ ಕೊಟ್ಟ ಉಡುಗೊರೆ. ಹೆಸರು ರಣಧೀರ. ಪೇಟ ಸುತ್ತಿಕೊಂಡು ಮಂತ್ರಿಗಳ ಸಾಲಿನಲ್ಲೇ ಕೂರುತ್ತಿತ್ತು. ಹೋದ ತಿಂಗಳು ಅದರ ವಾಸನೆಗೆ ಮೂಗು ಮುಚ್ಚಿಕೊಂಡ ಕರಣಿಕ ಇನ್ನೂ ಸೆರೆಮನೆಯಲ್ಲಿದ್ದ.

ಅಂದು ಸಭೆಗೆ ಇಬ್ಬರು ಬಂದಿದ್ದರು. ಒಬ್ಬ ಎಲಿಯಾಹು, ಕೊಚ್ಚಿಯ ಯಹೂದಿ ಮೆಣಸಿನ ವ್ಯಾಪಾರಿ. ಆಸ್ಥಾನದ ಜಾಣ ಬೂಚಣ್ಣನ ಮನೆಯಲ್ಲಿ ಇಳಿದುಕೊಂಡಿದ್ದ. ಅವನ ತೋಳಿನಲ್ಲಿ ಅಜ್ಜ ಕೈಯಾರೆ ಬರೆದ ಚರ್ಮದ ಸುರುಳಿ. ಇನ್ನೊಬ್ಬರು ಪಾದ್ರಿ ಬಸ್ತಿಯಾಂವ್. ಅವರ ಕೈಯಲ್ಲಿ ಇಟ್ಟಿಗೆಯಂಥ ದಪ್ಪ ಪುಸ್ತಕ.

"ನಿಮ್ಮ ಹಳೆಯ ಶಾಸ್ತ್ರ ಇಬ್ಬರಿಗೂ ಒಂದೇ ಅಂತೀರಿ. ಒಟ್ಟು ಎಷ್ಟು ಗ್ರಂಥ?" ಎಂದ ಅರಸ.

"ಇಪ್ಪತ್ತನಾಲ್ಕು" ಎಂದ ಎಲಿಯಾಹು.

"ನಲವತ್ತಾರು" ಎಂದರು ಪಾದ್ರಿ. "ಹೊಸದು ಬೇರೆ ಇದೆ."

"ನೀವು ಒಂದನ್ನೇ ಎರಡು ಮಾಡಿ ಎಣಿಸುತ್ತೀರಿ!"

"ನೀವು ಏಳು ಗ್ರಂಥ ಹೊರಗಿಟ್ಟಿರಿ!"

"ಸಾಕು!" ಅರಸ ತೊಡೆ ತಟ್ಟಿದ. "ದೇವರು ಒಬ್ಬ, ಲೆಕ್ಕ ಎರಡು. ಯಾರೋ ಸುಳ್ಳು ಹೇಳುತ್ತಿದ್ದೀರಿ. ಎರಡನ್ನೂ ಬಚ್ಚಲೊಲೆಗೆ ಹಾಕಿ."

ಎಲಿಯಾಹು ಸುರುಳಿಯನ್ನು ಎದೆಗೆ ಅವಚಿಕೊಂಡ. ಪಾದ್ರಿ ಗಾಬರಿಯಲ್ಲಿ ಒಂದೇ ಉಸಿರಿಗೆ ಹೇಳಿದರು: "ಪ್ರಭು, ಇದು ದೇವರ ಮಾತೇ! ಹಿಂದೆ ಮಿಸರದ, ಅಂದರೆ ಈಜಿಪ್ಟಿನ, ರಾಜನೊಬ್ಬ ಎಪ್ಪತ್ತು ಪಂಡಿತರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಗ್ರೀಕ್ ಭಾಷೆಗೆ ಅನುವಾದ ಮಾಡಿಸಿದನಂತೆ. ಎಲ್ಲರ ಬರಹವೂ ಅಕ್ಷರಕ್ಕಕ್ಷರ ಒಂದೇ ಬಂತಂತೆ!"

"ಎಪ್ಪತ್ತೆರಡು ಪಂಡಿತರು" ಎಂದು ಎಲಿಯಾಹು ತಿದ್ದಿದ.

"ಅಲ್ಲೂ ಜಗಳವೇ?" ಅರಸನ ಕಣ್ಣು ಅರಳಿತು. "ಇರಲಿ. ಮಿಸರದವನು ಮಾಡಿಸಿದ್ದನ್ನು ಮಲ್ಲರಸ ಮಾಡಿಸಲಾರನೇ? ನಮ್ಮ ಎಪ್ಪತ್ತೆರಡು ಜನ ಕನ್ನಡಕ್ಕೆ ತರಲಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಬಚ್ಚಲೊಲೆ. ಬೂಚಣ್ಣ, ಇದು ನಿನ್ನ ಹೊಣೆ."

ಬೂಚಣ್ಣನಿಗೆ ಆಸ್ಥಾನದ ಬರಹಗಾರರು ಚೆನ್ನಾಗಿ ಗೊತ್ತು. ಇಬ್ಬರು ಕೂತು ಒಂದು ತಿಳಿಸಾರಿನ ಬಗ್ಗೆ ಬರೆದರೂ ಮೂರು ಬಗೆ ಬರುತ್ತಿತ್ತು. ಅವನು ಅತಿಥಿಯ ಕಡೆ ನೋಡಿದ. ಎಲಿಯಾಹು ಸುರುಳಿಯನ್ನು ಇನ್ನೂ ಎದೆಯಿಂದ ಬಿಟ್ಟಿರಲಿಲ್ಲ.

"ಆಗಲಿ, ಪ್ರಭು. ಇಡೀ ಪುಸ್ತಕಕ್ಕೆ ವರ್ಷಗಳು ಬೇಕು. ಒಂದು ಸಾಲು ಸಾಕಲ್ಲ?"

"ಸಾಕು."

"ಒಂದಕ್ಷರವೂ ವ್ಯತ್ಯಾಸ ಬರದಿದ್ದರೆ ಎರಡೂ ಪುಸ್ತಕ ಉಳಿಯಬೇಕು. ಮಾತು ಕೊಡಿ."

"ಕೊಟ್ಟೆ."

"ಇನ್ನೊಂದು. ಬರಹಗಾರರು ಕದ್ದು ಮಾತಾಡಿಕೊಳ್ಳಬಾರದು. ಕಾವಲಿಗೆ ದಳವಾಯಿಗಳೇ ಬರಲಿ."

ಅರಸನಿಗೆ ಹಿಗ್ಗೋ ಹಿಗ್ಗು. "ನೋಡಿದಿರಾ! ರಣಧೀರನ ಯೋಗ್ಯತೆ ಬೂಚಣ್ಣನಿಗೆ ಗೊತ್ತು!"

ಕುದುರೆಗಳನ್ನು ಅರಮನೆಯ ಜಗಲಿಗೆ ಕಟ್ಟಿದರು. ಲಾಯದಲ್ಲಿ ಬಿದಿರಿನ ತಡಿಕೆ ಅಡ್ಡ ಇಟ್ಟು ಎಪ್ಪತ್ತೆರಡು ಕೋಣೆ ಮಾಡಿದರು. ಒಬ್ಬೊಬ್ಬನಿಗೂ ಒಂದು ತಾಳೆಗರಿ, ಅದರ ಮೇಲೆ ಕೊರೆದು ಬರೆಯಲು ಒಂದು ಕಂಠ. ಬೂಚಣ್ಣ ಅತಿಥಿಗಳಿಬ್ಬರನ್ನೂ ಪಕ್ಕಕ್ಕೆ ಕರೆದು, ಇಬ್ಬರ ಪುಸ್ತಕದಲ್ಲೂ ತಕರಾರಿಲ್ಲದೆ ಇರುವ ಒಂದು ಸಾಲನ್ನು ಆರಿಸಿದ. ಅವರು ಕೋಣೆಯಿಂದ ಕೋಣೆಗೆ ಹೋಗಿ ಅದರ ಅರ್ಥ ಹೇಳಿ ಬಂದರು. ಹೊರಗೆ ಒಂಟೆ ಅತ್ತಿಂದಿತ್ತ ನಡೆಯುತ್ತಿತ್ತು. ಆಗಾಗ ತಡಿಕೆಯ ಮೇಲಿಂದ ಕತ್ತು ಚಾಚಿ ಒಳಗೆ ಇಣುಕುತ್ತಿತ್ತು.

ಸಂಜೆ ಗರಿಗಳು ಸಭೆಗೆ ಬಂದವು. ಅರಸ ಒಂದನ್ನು ಎತ್ತಿಕೊಂಡ. ತಿರುವಿ ನೋಡಿದ. ಇನ್ನೊಂದು ಎತ್ತಿಕೊಂಡ. ದೀಪದ ಹತ್ತಿರ ಹಿಡಿದ.

"ಬೂಚಣ್ಣ, ಇದು ಖಾಲಿ."

"ಹೌದು, ಪ್ರಭು."

"ಇದೂ ಖಾಲಿ!"

"ಎಲ್ಲವೂ, ಪ್ರಭು. ಒಂದಕ್ಷರವೂ ವ್ಯತ್ಯಾಸವಿಲ್ಲ."

ಒಂಟೆ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು.

"ಎಂಥ ಸಾಲು ಕೊಟ್ಟೆಯೋ, ಪುಣ್ಯಾತ್ಮ?"

"ಒಂಟೆ ಅಶುದ್ಧ ಪ್ರಾಣಿ, ಅದನ್ನು ತಿನ್ನಕೂಡದು ಅಂತ."

"ಅಶುದ್ಧವೇ!" ಅರಸ ಸಿಂಹಾಸನದಿಂದ ಎದ್ದೇಬಿಟ್ಟ. "ನನ್ನ ದಳವಾಯಿಯೇ?"

"ತಿನ್ನಕೂಡದು ಅಂದಿದೆಯಲ್ಲ, ಪ್ರಭು. ಹಸಿದವರ ಬಾಯಿಂದ ದಳವಾಯಿಗಳನ್ನು ಕಾಪಾಡಲು ದೇವರೇ ಅಭಯಪತ್ರ ಬರೆದುಕೊಟ್ಟಿದ್ದಾನೆ. ತಾವು ಅದನ್ನು ಬಚ್ಚಲೊಲೆಗೆ ಹಾಕಿಸಲು ಹೊರಟಿದ್ದಿರಿ."

ಅರಸ ನಿಂತಲ್ಲೇ ಯೋಚಿಸಿದ. ಒಂಟೆಯನ್ನು ನೋಡಿದ. ಪುಸ್ತಕಗಳನ್ನು ನೋಡಿದ. ಮೆಲ್ಲಗೆ ಕೂತ.

"ಹಾಗಾದರೆ ಇವರು ಯಾಕೆ ಬರೆಯಲಿಲ್ಲ?"

"ಮೂಗು ಮುಚ್ಚಿದ ಕರಣಿಕ ಎಲ್ಲಿದ್ದಾನೆ ಅಂತ ಇವರಿಗೆಲ್ಲ ಗೊತ್ತು. ಜನ ಒಂದೇ ಥರ ಬರೆಯಬೇಕಾದರೆ ಒಂದೇ ಥರ ಹೆದರಿರಬೇಕು, ಪ್ರಭು. ಮನಸ್ಸು ಬಿಚ್ಚಿ ಬರೆದರೆ ಒಬ್ಬೊಬ್ಬರದು ಒಂದೊಂದು ಥರ ಬಂದೇ ಬರುತ್ತದೆ."

ಎಲಿಯಾಹು ಮೆಲ್ಲಗೆ ಕೆಮ್ಮಿದ. "ನಮ್ಮವರು ಹೇಳುವ ಪ್ರಕಾರ ಮಿಸರದಲ್ಲೂ ಹೀಗೇ ಆಯಿತಂತೆ. ಅಶುದ್ಧ ಪ್ರಾಣಿಗಳಲ್ಲಿ ಮೊಲವೂ ಇತ್ತು. ರಾಜನ ಹೆಂಡತಿಯ ಹೆಸರೂ ಅದೇ. ಎಲ್ಲರೂ ಮೊಲವನ್ನೇ ಕೈಬಿಟ್ಟರಂತೆ."

"ಆ ಮಾತು ನಮ್ಮ ಪುಸ್ತಕದಲ್ಲಿಲ್ಲ" ಎಂದರು ಪಾದ್ರಿ.

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೊರಳಿನ ಹಾರ ತೆಗೆದು ಬೂಚಣ್ಣನಿಗೆ ಹಾಕಿದ. ಸುರುಳಿಗೂ ಪುಸ್ತಕಕ್ಕೂ ಒಂದೊಂದು ರೇಷ್ಮೆ ವಸ್ತ್ರ ಹೊದಿಸಿದ.

"ದಳವಾಯಿಯನ್ನು ಮೇಯಲು ಬಿಡಿ. ಯಾರಿಗೂ ಶಿಕ್ಷೆಯಿಲ್ಲ. ಈಗ ಬರೆಯಿರಿ, ನೋಡೋಣ."

ಮತ್ತೆ ಅದೇ ಕೋಣೆಗಳಲ್ಲಿ ಕೂತು ಬರೆದರು. ಒಬ್ಬ 'ಒಂಟೆಯ ಮಾಂಸ ವರ್ಜ್ಯ' ಎಂದ. ಒಬ್ಬ 'ಒಂಟೆಯ ತಂಟೆ ಬೇಡ' ಎಂದ. ಒಬ್ಬ ಷಟ್ಪದಿ ಕಟ್ಟಿ ಕೊನೆಯ ಪಾದದಲ್ಲಿ ಒಂಟೆಯನ್ನು ಮರೆತ. ಒಬ್ಬ ಅದನ್ನು ಉದ್ದ ಕತ್ತಿನ ಹಸು ಮಾಡಿದ.

ಅರಸ ಕುತೂಹಲದಿಂದ ಬಗೆಗಳನ್ನು ಎಣಿಸಿದ. ಎರಡು ಕೋಣೆಗಳ ನಡುವಿನ ತಡಿಕೆಯಲ್ಲಿ ತೂತಿತ್ತು. ಹಾಗಾಗಿ ಎಪ್ಪತ್ತೊಂದು.