ದ್ಯಾಮವ್ವ ಚೆಲ್ಲಿದ ಮೊದಲ ಬಟ್ಟಲು

ಅರಸರ ಕಾಲ. ತುಂಗಭದ್ರೆಯ ದಂಡೆಯಲ್ಲಿ ಒಂದು ಊರು. ಗೋವಿನಜೋಳದಿಂದ ಸಾರಾಯಿ ಇಳಿಸಲು ಆ ಊರಿನಲ್ಲಿ ಒಂದೇ ಮನೆಗೆ ಅಪ್ಪಣೆ ಇತ್ತು. ಅದು ಮುದುಕ ಕೆಂಚಪ್ಪನ ಮನೆ.

ಈಗ ಮನೆಯಲ್ಲಿ ಭಟ್ಟಿ ಹೂಡುವುದು ಅಪರಾಧ. ಹೂಡಬೇಡಿ. ಕಥೆ ಓದಿ.

ಕೆಂಚಪ್ಪನಿಗೆ ಮಕ್ಕಳಿಲ್ಲ. ಮಂಡಿ ಹಿಡಿದಿತ್ತು. ಸಾರಾಯಿ ಇಳಿಸುವ ತಾಮ್ರದ ಹಂಡೆ ಎತ್ತಲು ಆಗುತ್ತಿರಲಿಲ್ಲ. ಕಸಬನ್ನು ಯಾರಿಗಾದರೂ ಕೊಡಬೇಕಾಗಿತ್ತು. ಕೇಳಿಕೊಂಡು ಇಬ್ಬರು ಬಂದರು.

ಒಬ್ಬ ಅವನ ತಂಗಿಯ ಮಗ ಗುಡದಯ್ಯ. ಗಟ್ಟಿ ಆಳು. ಬಾಯಿ ಅದಕ್ಕಿಂತ ಗಟ್ಟಿ.

ಇನ್ನೊಬ್ಬಳು ದ್ಯಾಮವ್ವ. ನಲವತ್ತರ ವಿಧವೆ. ಸುಗ್ಗಿ ಮುಗಿದ ಮೇಲೆ ಮಂದಿಯ ಹೊಲದಲ್ಲಿ ಉದುರಿದ ತೆನೆ ಆಯ್ದು ಬದುಕುವವಳು. ಅವಳಿಗೆ ಹೊಲವಿಲ್ಲ, ಎತ್ತಿಲ್ಲ. ಸೊಂಟ ಬಗ್ಗುವವರೆಗೆ ಊಟ. ಆ ವರ್ಷ ಸೊಂಟವೂ ನೋಯತೊಡಗಿತ್ತು. ಕಸಬು ಸಿಕ್ಕರೆ ಬದುಕು. ಸಿಗದಿದ್ದರೆ ಭಿಕ್ಷೆ.

ಗುಡದಯ್ಯ ಅವಳನ್ನು ನೋಡಿ ನಕ್ಕ. “ಏನವ್ವಾ, ದಾರಿ ತಪ್ಪಿ ಬಂದಿ ಏನು? ಇಲ್ಲಿ ಉದುರಿದ ತೆನಿ ಇಲ್ಲ.”

“ತೆನಿ ಇಲ್ಲಂದ್ರ ಏನಾತು, ಉದುರಿದ ಮಾತು ಬೇಕಾದಷ್ಟು ಬಿದ್ದಾವ,” ಎಂದಳು ದ್ಯಾಮವ್ವ.

ಕೆಂಚಪ್ಪನ ಮೀಸೆ ಅಲುಗಿತು. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಇಬ್ಬರ ಮುಂದೆಯೂ ಒಂದೊಂದು ಚೀಲ ಗೋವಿನಜೋಳ, ಇಳಿಸಲು ಒಂದೊಂದು ಹಳೆಯ ಮಡಕೆ, ನಳಿಗೆ ಇಟ್ಟ.

“ಹದಿನೆಂಟು ದಿನ. ಇಳಿಸಿ ತರ್ರಿ. ಯಾರದು ನಾ ಕುಡಿತೀನೋ ಅವರಿಗೆ ಹಂಡೆ. ಒಬ್ಬೊಬ್ಬರು ಒಂದು ಮಾತು ಕೇಳಬಹುದು.”

ಗುಡದಯ್ಯ ಕೇಳಿದ. “ಮಾವಾ, ಹೆಚ್ಚು ಇಳೀಬೇಕಂದ್ರ ಏನು ಮಾಡಬೇಕು?”

“ಉರಿ ಹೆಚ್ಚು ಮಾಡು. ಹೆಚ್ಚು ಇಳಿತೈತಿ.”

ದ್ಯಾಮವ್ವ ಕೇಳಿದಳು. “ಯಜ್ಜಾ, ನೀ ಮೊದಲನೇ ಸಲ ಇಳಿಸಿದಾಗ ಎಲ್ಲಿ ಕೆಡಿಸಿದಿ?”

ಮುದುಕ ಅವಳನ್ನು ದಿಟ್ಟಿಸಿ ನೋಡಿದ. ಐವತ್ತು ವರ್ಷದಲ್ಲಿ ಅವನಿಗೆ ಆ ಪ್ರಶ್ನೆ ಯಾರೂ ಹಾಕಿರಲಿಲ್ಲ.

“ಮೂಗು ಹೇಳಿತ್ತು. ನಾ ಕೇಳಲಿಲ್ಲ,” ಎಂದ. ಒಳಗೆ ಹೋದ.

ಇಬ್ಬರೂ ಕೆಲಸ ಹಿಡಿದರು. ಇದರ ಮೊದಲ ಹೆಜ್ಜೆ ಊರಿಗೆಲ್ಲ ಗೊತ್ತು. ಕಾಳು ನೆನೆಸಬೇಕು. ಒದ್ದೆ ಗೋಣಿಯಲ್ಲಿ ಮುಚ್ಚಿ ಮೊಳಕೆ ಬರಿಸಬೇಕು. ಒಣಗಿಸಿ, ಬೀಸಿ, ಗಂಜಿ ಮಾಡಿ ಹುಳಿಯಲು ಬಿಡಬೇಕು.

ಐದನೇ ದಿನ ಗೋಣಿ ಬಿಚ್ಚಿದರು. ಇಬ್ಬರ ಕಾಳಿನಲ್ಲೂ ಅಲ್ಲಲ್ಲಿ ಹಸಿರು ಬೂಷ್ಟು ಹಿಡಿದಿತ್ತು.

ಗುಡದಯ್ಯ ಹೇಳಿದ. “ಕುದ್ದ ಮ್ಯಾಲೆ ಬೂಷ್ಟು ಎಲ್ಲಿ ಇರತೈತಿ? ಕಾಳು ಅಂದ್ರ ಲಕ್ಷ್ಮಿ. ಚೆಲ್ಲಬಾರದು.” ಎಲ್ಲವನ್ನೂ ಬೀಸಿದ.

ಆ ಊರಿನಲ್ಲಿ ಅದೇ ಧರ್ಮ. ಕಾಳು ತುಳಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ಅಗುಳು ಬಿಟ್ಟ ಮಕ್ಕಳಿಗೆ ಏಟು ಬೀಳುತ್ತಿತ್ತು.

ದ್ಯಾಮವ್ವ ಗೋಣಿಯ ಮುಂದೆ ಕುಳಿತಳು. ಒಂದೊಂದೇ ಕಾಳು ಮೂಸಿದಳು. ಹೊಲದಲ್ಲಿ ತೆನೆ ಆಯುವಾಗಲೂ ಅವಳು ಹಾಗೇ ಮಾಡುತ್ತಿದ್ದಳು. ಕೆಟ್ಟ ತೆನೆ ಒಂದು ಬುಟ್ಟಿಗೆ ಬಿದ್ದರೆ ಬುಟ್ಟಿಯೇ ಕೆಡುತ್ತದೆ. ಚೀಲದ ಮೂರರಲ್ಲಿ ಒಂದು ಪಾಲನ್ನು ತಿಪ್ಪೆಗೆ ಸುರಿದಳು.

ನೆರೆಮನೆಯ ಚೆನ್ನವ್ವ ಬಾಗಿಲಿಗೆ ಬಂದಳು. “ಅಯ್ಯ ನಿನ್ನ! ಆಯ್ದು ತಿನ್ನಾಕಿ, ಚೆಲ್ಲಾಕ ಕಲ್ತಿ? ಪಾಪ ಸುತ್ತಿಕೊಳ್ತೈತಿ ನೋಡು.”

ದ್ಯಾಮವ್ವನಿಗೆ ಅಳು ಬಂತು. ಆದರೂ ತಿಪ್ಪೆಯಿಂದ ಒಂದು ಕಾಳನ್ನೂ ತಿರುಗಿ ತರಲಿಲ್ಲ.

ಹುಳಿಸಿದ ಗಂಜಿ ಗುಳುಗುಳು ಎಂದಿತು. ಕೆಲವು ದಿನಕ್ಕೆ ಸುಮ್ಮನಾಯಿತು. ಭಟ್ಟಿ ಹೂಡುವ ಹೊತ್ತು ಬಂತು.

ಗುಡದಯ್ಯ ಒಲೆಗೆ ಹೊರೆಗಟ್ಟಲೆ ಕಟ್ಟಿಗೆ ತುರುಕಿದ. ಗಂಜಿ ಉಕ್ಕಿತು. ತಳ ಹಿಡಿಯಿತು. ನಳಿಗೆಯಿಂದ ಸಾರಾಯಿ ಧಾರೆಯಾಗಿ ಸುರಿಯಿತು. ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಒಂದೇ ಕೊಡದಲ್ಲಿ ಹಿಡಿದ. ಮಧ್ಯಾಹ್ನದೊಳಗೆ ಕೊಡ ತುಂಬಿತು. ಬೀದಿಯಲ್ಲಿ ನಿಂತು ಕೂಗಿದ. “ಬರ್ರಿ, ನೋಡ್ರಿ! ಕಂಠಮಟ ಐತಿ!”

ದ್ಯಾಮವ್ವ ಹಬೆ ಹೋಗದಂತೆ ಮುಚ್ಚಳದ ಸಂದಿಗೆ ಕಣಕ ಮೆತ್ತಿದಳು. ಸಣ್ಣ ಉರಿ ಇಟ್ಟಳು. ಬೆಳಿಗ್ಗೆಯಿಂದ ಕಾದಳು. ಕೊನೆಗೆ ಹನಿ ಇಳಿಯಿತು. ಒಂದು ಬಟ್ಟಲು ತುಂಬಿತು. ಮೂಗಿನ ಹತ್ತಿರ ಹಿಡಿದಳು.

ಕಣ್ಣು ಚುರ್ರೆಂದಿತು. ನೀರು ಸುರಿಯಿತು. ಅರಗು ಕಾಯಿಸಿದಂಥ ಕಮಟು. ತಲೆ ಗಿರ್ರೆಂದಿತು.

ಚೆನ್ನವ್ವ ಹಿಂದೆಯೇ ನಿಂತಿದ್ದಳು. “ಅದೇ ಖಡಕ್ಕು ಮಾಲು! ಕಡ್ಡಿ ತಾಗಿಸಿದ್ರ ಭಗ್ ಅಂತೈತಿ. ಇಟ್ಕೋ. ಮೊದಲೇ ನಿನ್ನದು ಕಡಿಮಿ ಐತಿ.”

ಮಾತು ನಿಜ. ಚೀಲದ ಒಂದು ಪಾಲು ಆಗಲೇ ತಿಪ್ಪೆಯಲ್ಲಿತ್ತು. ಈ ಬಟ್ಟಲೂ ಹೋದರೆ ಕೊಡದ ತಳವೂ ಮುಚ್ಚದೆ ಹೋದೀತು. ಊರೆಲ್ಲ ನಗುತ್ತದೆ. ಹಂಡೆ ಕೈತಪ್ಪುತ್ತದೆ. ನಾಳೆ ಮತ್ತೆ ಸೊಂಟ ಬಗ್ಗಿಸಬೇಕು.

ಬಟ್ಟಲನ್ನು ಮತ್ತೊಮ್ಮೆ ಮೂಸಿದಳು. ಆಮೇಲೆ ಹೇಳಿದಳು. “ಮೂಗು ಬ್ಯಾಡ ಅಂತೈತಿ.”

ನೆಲಕ್ಕೆ ಸುರಿದಳು.

ಮುಂದೆ ಇಳಿದ ಹನಿಯನ್ನು ಮೂಸಿದಳು. ಅದಕ್ಕೆ ಹುರಿದ ಜೋಳದ ಕಂಪು. ಅದನ್ನು ಕೊಡಕ್ಕೆ ಬಿಟ್ಟಳು. ಸಂಜೆಯ ಹೊತ್ತಿಗೆ ವಾಸನೆ ತಿರುಗಿತು. ಒದ್ದೆ ಗೋಣಿಯಂಥ ಹುಳಿ ನಾತ. ಹನಿ ಇನ್ನೂ ಇಳಿಯುತ್ತಿತ್ತು. ಅವಳು ಕೊಡ ಎತ್ತಿಟ್ಟಳು. ಉಳಿದದ್ದನ್ನು ಬಚ್ಚಲಿಗೆ ಬಿಟ್ಟಳು. ಕೊಡ ಅರ್ಧವೂ ಆಗಿರಲಿಲ್ಲ.

ಹದಿನೆಂಟನೇ ದಿನ ಬೆಳಿಗ್ಗೆ ಕೆಂಚಪ್ಪನ ಅಂಗಳದಲ್ಲಿ ಊರು ನೆರೆಯಿತು. ಎರಡು ಕೊಡ ಪಕ್ಕಪಕ್ಕದಲ್ಲಿ ಕುಳಿತವು. ಒಂದು ತುಂಬಿ ತುಳುಕುತ್ತಿತ್ತು. ಇನ್ನೊಂದರೊಳಗೆ ಬಗ್ಗಿ ನೋಡಬೇಕು.

“ಯವ್ವಾ, ದಾರ್ಯಾಗ ಕುಡಕೊಂಡು ಬಂದಿ ಏನು?” ಎಂದ ಗುಡದಯ್ಯ. ಅಂಗಳ ನಕ್ಕಿತು. ದ್ಯಾಮವ್ವ ತಲೆ ತಗ್ಗಿಸಲಿಲ್ಲ.

ಕೆಂಚಪ್ಪ ಕೋಲೂರಿ ಬಂದ. ಕೊಡ ನೋಡಲಿಲ್ಲ. ಅಳಿಯನನ್ನು ಕೇಳಿದ.

“ಎಷ್ಟು ಚೆಲ್ಲಿದಿ?”

“ಒಂದು ಹನಿನೂ ಇಲ್ಲ ಮಾವಾ! ಒಂದು ಕಾಳೂ ಇಲ್ಲ!”

“ನೀ ಎಷ್ಟು ಚೆಲ್ಲಿದಿ ತಂಗಿ?”

ದ್ಯಾಮವ್ವ ಬೆರಳು ಮಡಿಸಿದಳು. “ಬೂಷ್ಟು ಹಿಡಿದ ಕಾಳು. ಮೊದಲಿನ ಬಟ್ಟಲು. ಕಡೀಕ ಇಳಿದದ್ದು.”

ಮುದುಕ ಅಳಿಯನ ಕೊಡದಿಂದ ನಾಲ್ಕು ಹನಿ ಅಂಗೈಗೆ ಹಾಕಿಕೊಂಡ. ಉಜ್ಜಿದ. ಅಂಗೈಯನ್ನು ಗುಡದಯ್ಯನ ಮೂಗಿಗೆ ಹಿಡಿದ.

“ಏನು ವಾಸನಿ?”

ಗುಡದಯ್ಯ ಮುಖ ಹಿಂದೆ ಎಳೆದ. “ಸುಟ್ಟ ಗಂಜಿ... ಮತ್ತ ಅರಗು.”

“ಇದನ್ನ ನಿಮ್ಮವ್ವಗ ಕೊಡ್ತಿಯೇನು?”

ಅವನ ತಾಯಿ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದಳು. ಗುಡದಯ್ಯ ಅವಳ ಕಡೆ ನೋಡಿದ. ತಲೆ ಅಲ್ಲಾಡಿಸಿದ. ಇಲ್ಲ.

“ಮೊದಲು ಇಳಿಯೋದು ವಿಷ. ಕಡೀಕ ಇಳಿಯೋದು ಹೊಲಸು. ನೀ ಎರಡನ್ನೂ ನಡುವಿನ ಚಲೋದರಾಗ ಕಲಸಿದಿ. ಈಗ ಯಾವ ದೇವರು ಬಂದ್ರೂ ಬ್ಯಾರೆ ಮಾಡಾಕ ಆಗಂಗಿಲ್ಲ.”

ಅಷ್ಟು ಮಾತು ಅವನ ಬಾಯಿಂದ ಯಾರೂ ಒಟ್ಟಿಗೆ ಕೇಳಿರಲಿಲ್ಲ.

ಆಮೇಲೆ ದ್ಯಾಮವ್ವನ ಕೊಡಕ್ಕೆ ಬಟ್ಟಲು ಅದ್ದಿದ. ಮೂಸಿದ. ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಬಟ್ಟಲು ಬರಿದು ಮಾಡಿದ. ಮತ್ತೆ ಅದ್ದಿದ.

“ಯಜ್ಜಾ, ಹೆಂಗೈತಿ ಹೇಳು!” ಎಂದು ಯಾರೋ ಕೂಗಿದರು.

“ಸುಮ್ನಿರ್ರಿ. ಕುಡಿಯಾಕತ್ತೀನಿ.”

ಅಂಗಳ ಹೋ ಎಂದು ಎದ್ದಿತು. ಚೆನ್ನವ್ವ ಎಲ್ಲರಿಗಿಂತ ಮೊದಲು ಓಡಿಬಂದು ದ್ಯಾಮವ್ವನ ಹಣೆಗೆ ಭಂಡಾರದ ಅರಿಶಿನ ಬಳಿದಳು. ಹೆಂಗಸರು ತಾಮ್ರದ ಹಂಡೆ ಎತ್ತಿದರು. ಹಲಗೆ ಬಾರಿಸುತ್ತ ಅದನ್ನು ಅವಳ ಮನೆಗೆ ಹೊತ್ತರು. ದ್ಯಾಮವ್ವ ಮುಂದೆ ನಡೆದಳು. ಸೊಂಟದ ನೋವು ಆ ದಿನ ನೆನಪಾಗಲಿಲ್ಲ.

ಗುಡದಯ್ಯ ತುಂಬಿದ ಕೊಡದ ಮುಂದೆ ಒಬ್ಬನೇ ನಿಂತಿದ್ದ. ನಂತರ ಕೊಡವನ್ನು ತಾನೇ ಎತ್ತಿ ಚರಂಡಿಗೆ ಸುರಿದ. ಬರಿಗೊಡ ಹಿಡಿದು ದ್ಯಾಮವ್ವನ ಬಾಗಿಲಿಗೆ ಹೋದ.

“ಅಕ್ಕಾ, ಕಲಿಸ್ತಿಯೇನು?”

“ಕೊಡ ತೊಳಕೊಂಡು ಬಾ,” ಎಂದಳು ದ್ಯಾಮವ್ವ.

ಮರುವರ್ಷ ಸುಗ್ಗಿಗೆ ಹೊಳೆಯಾಚೆಯ ಏಳು ಊರಿನವರು ಹರಿಗೋಲು ಏರಿ ಬಂದರು. ದಂಡೆಗೆ ಇಳಿದವರು ಕೇಳಿದ್ದು ಒಂದೇ ಮಾತು. “ದ್ಯಾಮವ್ವನ ಭಟ್ಟಿ ಎಲ್ಲೈತಿ?”

ನೀತಿ: ಕೂಡಿಡಲು ಎಲ್ಲರಿಗೂ ಬರುತ್ತದೆ. ಯಾವುದನ್ನು ಬಿಡಬೇಕೆಂದು ತಿಳಿದವರೇ ಕಸಬುದಾರರು. ಕೆಟ್ಟದ್ದನ್ನು ಚೆಲ್ಲಲಾರದವನು ಒಳ್ಳೆಯದನ್ನೂ ಕೆಡಿಸುತ್ತಾನೆ.