ಎರಿಯೊಂದಿಗೆ ಹೋದದ್ದು

ಅದು ಮಾಘ ಮಾಸದ ಕೊನೆಯ ದಿನ. ಮರುದಿನ ಬೇರೆ ಊರಿಗೆ ಪಾಠ ಹೇಳಲು ಹೊರಡಬೇಕಿದ್ದ ಶಿಷ್ಯ ಗುರುಗಳನ್ನು ಕೇಳಿದ: "ನನ್ನೊಳಗೆ ಹಲವು ದೋಷಗಳಿವೆ. ಅವುಗಳ ಜೊತೆ ಬದುಕುವುದು ಅಭ್ಯಾಸವಾಗಿದೆ. ಅವು ನನ್ನನ್ನು ಕೆಡಿಸಿಲ್ಲ. ಹೀಗಿದ್ದೂ ನಾನು ಕಲಿಸಬಹುದೇ?"

ಗುರುಗಳು ಹೇಳಿದರು:

ಒಬ್ಬ ಜೇನು ಸಾಕುವವನಿದ್ದ. ಅವನದು ನಾಡಿನ ತುಡುವೆ ಜೇನು. ಅದಕ್ಕೆ ಮೈಗಂಟಿ ರಸ ಹೀರುವ ಸಣ್ಣ ಹುಳು, ನುಸಿ, ಅಂಟಿತ್ತು. ನುಸಿ ಗಂಡುಮರಿಗಳ ಕೋಣೆಯಲ್ಲಷ್ಟೇ ಮರಿ ಮಾಡುತ್ತಿತ್ತು. ಕಣ್ಣಿಗೆ ಬಿದ್ದರೆ ಜೇನುನೊಣಗಳು ಅದನ್ನು ಹೆಕ್ಕಿ ಕಚ್ಚಿ ಎಸೆಯುತ್ತಿದ್ದವು. ನುಸಿಯೂ ತೀರಲಿಲ್ಲ, ಜೇನೂ ಸಾಯಲಿಲ್ಲ.

ಅವನ ತಮ್ಮ ತನ್ನ ಪಾಲಿನ ಹೊಲ ಮಾರಿ ಹೊರದೇಶದ ಜೇನು ತಂದ. ಒಂದು ಪೆಟ್ಟಿಗೆ ಸೊರಗಿತು. ಸೊರಗಿದ ಪೆಟ್ಟಿಗೆಗೆ ಬಲವಾದ ಪೆಟ್ಟಿಗೆಯಿಂದ ಮರಿ ತುಂಬಿದ ಮೇಣದ ತಟ್ಟೆಯೊಂದನ್ನು, ಅಂದರೆ ಎರಿಯೊಂದನ್ನು, ತೆಗೆದುಕೊಡುವುದು ಜೇನು ಸಾಕುವವರ ರೂಢಿ. ಅಣ್ಣ ತನ್ನಲ್ಲಿದ್ದ ಒಳ್ಳೆಯ ಎರಿಯನ್ನೇ ಆರಿಸಿ ಒಯ್ದ.

"ಅಣ್ಣಾ, ಇದರಲ್ಲಿ ನುಸಿ ಇದೆಯಲ್ಲ?"

"ಅಪ್ಪನ ಕಾಲದಿಂದಲೂ ಇದೆ. ನನಗೇನಾಗಿದೆ? ನುಸಿಗೆ ಹೆದರುವವನು ಕುಟುಕುವ ಹುಳು ಸಾಕಲು ಯಾಕೋ ಹೊರಟೆ?"

ತಮ್ಮ ನಕ್ಕು ಎರಿಯನ್ನು ಪೆಟ್ಟಿಗೆಯೊಳಗೆ ಇಳಿಸಿದ.

ಹೊರದೇಶದ ಜೇನಿಗೆ ನುಸಿ ಹೆಕ್ಕುವ ಅಭ್ಯಾಸವಿರಲಿಲ್ಲ. ಅಲ್ಲಿ ನುಸಿ ಕೆಲಸಗಾರ ಮರಿಗಳ ಕೋಣೆಗಳಿಗೂ ಹೊಕ್ಕಿತು. ರೆಕ್ಕೆ ಮುದುಡಿದ ನೊಣಗಳು ಹುಟ್ಟಿದವು. ನುಸಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಬ್ಬಿ, ವರ್ಷ ತುಂಬುವುದರೊಳಗೆ ತಮ್ಮನ ಜೇನೆಲ್ಲ ಸತ್ತಿತು. ಅಣ್ಣ ಬೇಕೆಂದೇ ಕೊಟ್ಟ ಎಂದು ನಂಬಿದ ಅವನು ಅಣ್ಣನ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟ.

ಕೀಟಗಳನ್ನು ಅಭ್ಯಾಸ ಮಾಡುವವಳೊಬ್ಬಳು ಬಂದು ಇಬ್ಬರ ಪೆಟ್ಟಿಗೆಗಳ ನುಸಿಗಳನ್ನೂ ಪರೀಕ್ಷಿಸಿದಳು. ಅಣ್ಣನಲ್ಲಿದ್ದ ನುಸಿಗಳು ನೋಡಲು ಒಂದೇ, ವಂಶ ಹಲವು. ಅವುಗಳಲ್ಲಿ ಹೆಚ್ಚಿನವು ಹೊರದೇಶದ ಜೇನಿನಲ್ಲಿ ಮರಿ ಮಾಡಲಾರದೆ ಅಳಿದಿದ್ದವು. ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲು ಅವಳಿಗೂ ಆಗಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು.

"ಹೆಚ್ಚಿನವು ಅಳಿದವಲ್ಲ, ಗುರುಗಳೇ. ಹಾಗಾದರೆ ತಮ್ಮನ ಪೆಟ್ಟಿಗೆಗಳಲ್ಲಿ ಉಳಿದ ವಂಶಗಳೆಷ್ಟು?"

"ಒಂದು."